200 ಮೆಗಾಪಿಕ್ಸೆಲ್ ಇದ್ದರೂ ರಾತ್ರಿಯ ವಿಡಿಯೊ ಏಕೆ ಮಂಕು?

ಪರದೆಯ ಮೇಲೆ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟಿದ್ದೇನೆ. ಅದೇ ಪುಸ್ತಕದ ಕಪಾಟು, ಅದೇ ಟೇಬಲ್ ದೀಪ, ರಾತ್ರಿ ಹೊತ್ತು. ಎಡಗಡೆಯದನ್ನು 200 ಮೆಗಾಪಿಕ್ಸೆಲ್ ಮೋಡ್‌ನಲ್ಲಿ ತೆಗೆದೆ. ಬಲಗಡೆಯದನ್ನು ತೆಗೆದದ್ದೂ ಅದೇ ಫೋನ್, ಆದರೆ ಸುಮಾರು 12 ಮೆಗಾಪಿಕ್ಸೆಲ್‌ನ ಮಾಮೂಲಿ ಮೋಡ್‌ನಲ್ಲಿ. ಇಷ್ಟು ದೂರದಿಂದ ಎರಡೂ ಒಂದೇ ಥರ ಕಾಣುತ್ತವೆ. ಈಗ ಆ ಕಡುನೀಲಿ ರಟ್ಟಿನ ಪುಸ್ತಕದ ಬೆನ್ನನ್ನು ಹಿಗ್ಗಿಸುತ್ತೇನೆ. ಎಡಗಡೆ ನೀಲಿಯ ತುಂಬ ಕೆಂಪು, ಹಸಿರು ಚುಕ್ಕೆಗಳು ಎರಚಿದಂತಿವೆ, ಹೊಂಬಣ್ಣದ ಅಕ್ಷರಗಳ ಅಂಚು ಕದಡಿಹೋಗಿದೆ. ಬಲಗಡೆ ನೀಲಿ ನೀಲಿಯಾಗಿಯೇ ಉಳಿದಿದೆ, ಪುಸ್ತಕದ ಹೆಸರನ್ನು ಓದಬಹುದು.

ದೊಡ್ಡ ಸಂಖ್ಯೆ ಸೋತದ್ದೇಕೆ? ಬೆಳಕನ್ನು ಹಿಡಿಯುವ ಸೆನ್ಸರ್ ಎಂಬ ಚಿಪ್ಪಿನ ವಿಸ್ತೀರ್ಣ ಎರಡೂ ಸಲ ಅಷ್ಟೇ ಇತ್ತು. ಒಂದೇ ಎಕರೆಯನ್ನು ಹದಿನಾರು ಪಾಲು ಮಾಡಿದರೆ ಜಮೀನು ಹೆಚ್ಚುವುದಿಲ್ಲ, ಬದುಗಳು ಹೆಚ್ಚುತ್ತವೆ. ಈ ಬಗೆಯ 200 ಮೆಗಾಪಿಕ್ಸೆಲ್ ಸೆನ್ಸರ್‌ಗಳಲ್ಲಿ ಒಂದೊಂದು ಪಿಕ್ಸೆಲ್‌ನ ಅಗಲ 0.6 ಮೈಕ್ರಾನ್ ಇರುವುದುಂಟು (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ). ಕತ್ತಲೆಯಲ್ಲಿ ಅಷ್ಟು ಚಿಕ್ಕ ಜಾಗಕ್ಕೆ ಬೀಳುವ ಬೆಳಕು ತೀರಾ ಅಲ್ಪ. ಅದಕ್ಕೇ ಫೋನ್ ಹದಿನಾರು ಪಿಕ್ಸೆಲ್‌ಗಳನ್ನು ಒಟ್ಟುಗೂಡಿಸಿ 2.4 ಮೈಕ್ರಾನ್ ಅಗಲದ ಒಂದು ಪಿಕ್ಸೆಲ್ ಎಂದು ಪರಿಗಣಿಸುತ್ತದೆ. 200 ಎಂದು ಬೋರ್ಡು ಹಾಕಿ 12.5 ಕೊಡುವುದು ಹೀಗೆ. ಅದನ್ನು ಮೋಸ ಎನ್ನಲಾರೆ, ಬೋರ್ಡಿನ ಗಾತ್ರದ ಬಗ್ಗೆ ಮಾತ್ರ ನನ್ನ ತಕರಾರಿದೆ.

ಇದರಲ್ಲಿ ಲೆನ್ಸಿನ ಪಾಲೂ ಇದೆ. ಬೆಳಕು ಸಣ್ಣ ಕಿಂಡಿಯಿಂದ ನುಗ್ಗುವಾಗ ಸ್ವಲ್ಪ ಹರಡಿಕೊಳ್ಳುತ್ತದೆ, ಶಾಲೆಯಲ್ಲಿ ವಿವರ್ತನೆ ಎಂದು ಓದಿದ್ದು ಇದನ್ನೇ. ಅಪರ್ಚರ್, ಅಂದರೆ ಲೆನ್ಸಿನ ಆ ಕಿಂಡಿಯ ಅಳತೆ, ಎಫ್/1.8 ಇದ್ದಾಗ, ಲೆನ್ಸ್ ಎಷ್ಟೇ ಚೆನ್ನಾಗಿರಲಿ, ಹಸಿರು ಬೆಳಕಿನ ಒಂದು ಬಿಂದು ಸೆನ್ಸರ್ ಮೇಲೆ ಸುಮಾರು 2.4 ಮೈಕ್ರಾನ್ ಅಗಲದ ಬೊಟ್ಟಾಗಿ ಬೀಳುತ್ತದೆ. ಬೊಟ್ಟೇ ಅಷ್ಟು ಅಗಲವಿದ್ದ ಮೇಲೆ 0.6 ಮೈಕ್ರಾನ್‌ನ ಪಿಕ್ಸೆಲ್‌ಗಳಿಗೆ ಹೊಸದಾಗಿ ಕಾಣಿಸಲು ಉಳಿಯುವುದು ಕಡಿಮೆ. ಹಗಲಿನಲ್ಲಿ ಒಂದಿಷ್ಟು ಲಾಭವಿದೆ, ಇಲ್ಲವೆನ್ನುವುದಿಲ್ಲ.

ಹಾಗಾದರೆ ಯಾವ ಸಂಖ್ಯೆಯನ್ನು ನೋಡಬೇಕು? ಸೆನ್ಸರಿನ ಗಾತ್ರವನ್ನು. ಅದನ್ನು ಬರೆಯುವ ರೀತಿ ಮಾತ್ರ ವಿಚಿತ್ರ: 1/2.55 ಇಂಚು, 1/1.3 ಇಂಚು, 1 ಇಂಚು. ಛೇದ ದೊಡ್ಡದಾದಷ್ಟೂ ಸೆನ್ಸರ್ ಚಿಕ್ಕದು. ಇನ್ನು 1 ಇಂಚಿನ ಸೆನ್ಸರ್‌ಗೆ ಸ್ಕೇಲು ಹಿಡಿದರೆ ಎಲ್ಲಿಯೂ ಒಂದು ಇಂಚು ಸಿಗುವುದಿಲ್ಲ. 13.2 ಮಿಲಿಮೀಟರ್ ಅಗಲ, 8.8 ಮಿಲಿಮೀಟರ್ ಎತ್ತರ, ಅಷ್ಟೇ. ಹಳೆಯ ಟಿವಿ ಕ್ಯಾಮೆರಾಗಳ ಗಾಜಿನ ಕೊಳವೆಯ ಹೊರ ವ್ಯಾಸದಿಂದ ಬಂದ ಲೆಕ್ಕವನ್ನು ಉದ್ಯಮ ಇನ್ನೂ ಬಿಟ್ಟಿಲ್ಲ. ಆದರೂ ಹೋಲಿಕೆಗೆ ಇದು ಸಾಕು: 1/2.55 ಇಂಚಿನದಕ್ಕಿಂತ 1 ಇಂಚಿನ ಸೆನ್ಸರ್‌ನ ವಿಸ್ತೀರ್ಣ ಹತ್ತಿರ ಹತ್ತಿರ ಐದು ಪಟ್ಟು. ಬೆಳಕೂ ಆ ಪ್ರಮಾಣದಲ್ಲೇ ಸಿಗುತ್ತದೆ, ಅಪರ್ಚರ್ ಒಂದೇ ಇದ್ದರೆ.

ಇದನ್ನು ಕೇಳಿ ಕೆಲವರು ಕೇಳಬಹುದು: ಚಿಕ್ಕ ಸೆನ್ಸರ್ ಇದ್ದ ಫೋನ್‌ಗಳೂ ಕತ್ತಲೆಯಲ್ಲಿ ಒಳ್ಳೆಯ ಫೋಟೋ ಕೊಟ್ಟಿವೆಯಲ್ಲ? ಕೊಟ್ಟಿವೆ. 2018ರಲ್ಲಿ ಗೂಗಲ್ ಪಿಕ್ಸೆಲ್ ಎಂಬ ಹೆಸರಿನ ತನ್ನ ಫೋನ್‌ಗಳಿಗೆ ನೈಟ್ ಸೈಟ್ ಎಂಬ ರಾತ್ರಿ ಫೋಟೋ ಮೋಡ್ ತಂದಾಗ ಎಲ್ಲರೂ ಬೆರಗಾದದ್ದು ಇದಕ್ಕೇ. ನೀವು ಬಟನ್ ಒತ್ತುವುದು ಒಂದು ಸಲ, ಫೋನ್ ತೆಗೆಯುವುದು ಹಲವು ಚಿತ್ರ. ಕೈ ಅಲುಗಿದ್ದನ್ನು ಸರಿಹೊಂದಿಸಿ ಅವೆಲ್ಲವನ್ನೂ ಬೆರೆಸುತ್ತದೆ. ಚುಕ್ಕೆಗಳು ಪ್ರತಿ ಚಿತ್ರದಲ್ಲೂ ಬೇರೆ ಬೇರೆ ಕಡೆ ಬೀಳುವುದರಿಂದ ಸರಾಸರಿಯಲ್ಲಿ ಒಂದನ್ನೊಂದು ಅಳಿಸುತ್ತವೆ. ಒಂಬತ್ತು ಚಿತ್ರ ಬೆರೆಸಿದರೆ ಆ ಕಾಳುಕಾಳು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಸೊಗಸಾದ ಲೆಕ್ಕ.

ಈಗ ವಿಡಿಯೊಗೆ ಬನ್ನಿ, ನನ್ನ ಕಸುಬು ಇದೇ. ಸೆಕೆಂಡಿಗೆ 30 ಚೌಕಟ್ಟು (ಫ್ರೇಮ್) ಎಂದರೆ ಒಂದೊಂದಕ್ಕೆ ಸಿಗುವ ಕಾಲ 33 ಮಿಲಿಸೆಕೆಂಡ್. ಅಷ್ಟರಲ್ಲಿ ಬೆಳಕು ಹಿಡಿಯಬೇಕು, ಬಣ್ಣ ತಿದ್ದಬೇಕು, ಅಲುಗಾಟ ಸರಿಪಡಿಸಬೇಕು, ಉಳಿಸಬೇಕು, ಮುಂದಿನದಕ್ಕೆ ಸಿದ್ಧವಾಗಬೇಕು. ಎರಡು ಮೂರು ಸೆಕೆಂಡು ಕಾದು ಬೆಳಕು ಕೂಡಿಹಾಕುವ ಆಟ ಇಲ್ಲಿ ನಡೆಯುವುದಿಲ್ಲ. ಇದೋ, ಅದೇ ಕಪಾಟಿನ ಮುಂದೆ ಬೆಕ್ಕು ಹಾದುಹೋಗುತ್ತಿರುವ ವಿಡಿಯೊ. ಕೂತಿರುವಾಗ ಮೀಸೆಯ ಒಂದೊಂದು ಕೂದಲೂ ಎಣಿಸುವಂತಿದೆ. ಎದ್ದು ನಡೆಯತೊಡಗಿದ ಕೂಡಲೇ ಮೈಮೇಲಿನ ರೋಮವೆಲ್ಲ ಮೇಣ ಸವರಿದಂತೆ ನುಣ್ಣಗಾಗುತ್ತದೆ. ಚುಕ್ಕೆಗಳನ್ನು ಒರೆಸುವ ಅವಸರದಲ್ಲಿ ಸಾಫ್ಟ್‌ವೇರ್ ರೋಮವನ್ನೂ ಒರೆಸಿಹಾಕಿದೆ. ಇಲ್ಲಿ 200 ಮೆಗಾಪಿಕ್ಸೆಲ್ ಏನೂ ಮಾಡಲಾರದು. 4ಕೆ ವಿಡಿಯೊದ ಒಂದು ಚೌಕಟ್ಟಿಗೆ ಬೇಕಾದದ್ದೇ 8.3 ಮೆಗಾಪಿಕ್ಸೆಲ್.

ಲೆನ್ಸನ್ನೋ ಸೆನ್ಸರನ್ನೋ ಕೈನಡುಕಕ್ಕೆ ಎದುರಾಗಿ ಸರಿಸುವ ಓಐಎಸ್ ಇದ್ದರೆ ಒಳ್ಳೆಯದು. ಆದರೆ ಅದು ತಡೆಯುವುದು ನಿಮ್ಮ ಕೈಯನ್ನು, ಬೆಕ್ಕನ್ನಲ್ಲ. ಹಿನ್ನೆಲೆಯಲ್ಲಿ ದೀಪ ಪಟ್ಟೆಪಟ್ಟೆಯಾಗಿ ಮಿನುಗಿದರೆ ಫೋನನ್ನು ಬೈಯಬೇಡಿ. 50 ಹರ್ಟ್ಸ್ ವಿದ್ಯುತ್ ಇರುವ ಕಡೆ ಎಷ್ಟೋ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಶಟರ್ ವೇಗವನ್ನು 1/50 ಅಥವಾ 1/100 ಸೆಕೆಂಡಿಗೆ ಇಟ್ಟರೆ ಬಹುಪಾಲು ಸರಿಹೋಗುತ್ತದೆ.

ಹಿಂಬದಿಯಲ್ಲಿ ಸಾಲಾಗಿ ಕೂರಿಸಿರುವ 2 ಮೆಗಾಪಿಕ್ಸೆಲ್‌ನ ಮ್ಯಾಕ್ರೊ, ಡೆಪ್ತ್ ಕ್ಯಾಮೆರಾಗಳು ಆಟಕ್ಕುಂಟು ಲೆಕ್ಕಕ್ಕಿಲ್ಲ. ಅವುಗಳ ಬಗ್ಗೆ ಇಷ್ಟು ಸಾಕು.

ಫೋನ್ ಕೊಳ್ಳುವ ಮುನ್ನ ಅಂಗಡಿಯ ಝಗಮಗ ಬೆಳಕಿನಲ್ಲಿ ಫೋಟೋ ತೆಗೆದು ನೋಡಿ ಪ್ರಯೋಜನವಿಲ್ಲ, ಅಲ್ಲಿ ಎಲ್ಲ ಫೋನೂ ಜಾಣ. ಮೊದಲು ಲೆನ್ಸ್ ಮೇಲಿನ ಬೆರಳಿನ ಜಿಡ್ಡನ್ನು ಹತ್ತಿಬಟ್ಟೆಯಿಂದ ಒರೆಸಿ. ಆಮೇಲೆ ಮಬ್ಬಾದ ಒಂದು ಮೂಲೆಗೆ ಹೋಗಿ, ಜೊತೆಗಿದ್ದವರನ್ನು ನಡೆಯಲು ಹೇಳಿ, ವಿಡಿಯೊ ಮಾಡಿ ನೋಡಿ. ಅಲ್ಲೇ 3 ಪಟ್ಟು ಜೂಮ್ ಒತ್ತಿ, ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸ್ ಇದ್ದರೆ ಅದನ್ನು ಬೆರಳಿನಿಂದ ಪೂರ್ತಿ ಮುಚ್ಚಿ. ಪರದೆ ಕಪ್ಪಾಗದಿದ್ದರೆ ಆ ಮಬ್ಬಿನಲ್ಲಿ ಟೆಲಿ ಕ್ಯಾಮೆರಾ ಕೆಲಸವನ್ನೇ ಮಾಡುತ್ತಿಲ್ಲ ಎಂದರ್ಥ. ಮುಖ್ಯ ಕ್ಯಾಮೆರಾದ ಚಿತ್ರವನ್ನೇ ಕತ್ತರಿಸಿ, ಹಿಗ್ಗಿಸಿ ಫೋನ್ ನಿಮಗೆ ತೋರಿಸುತ್ತಿದೆ.