ಬಾಣದ ಮೊನೆ ಆಮೇಲೆ, ಮೊದಲು ಚಕ್ಕೆ ತೋರಿಸಿ

ಉತ್ತ ಹೊಲದಲ್ಲಿ ಚಕಮಕಿ ಕಲ್ಲಿನ ಬಾಣದ ಮೊನೆ ಸಿಕ್ಕಿದ್ರೆ ಜನ ಮೊದಲು ಏನ್ ಮಾಡ್ತಾರೆ ಹೇಳಿ? ಅಂಗೈ ಮೇಲಿಟ್ಟು ಫೋಟೋ ತೆಗೀತಾರೆ. ಜೊತೆಗೆ ಎರಡೇ ಪ್ರಶ್ನೆ: ಎಷ್ಟು ಹಳೇದು, ಎಷ್ಟು ಬೆಲೆ ಬಾಳುತ್ತೆ? ನನಗೆ ಕೇಳಬೇಕು ಅನಿಸೋದೇ ಬೇರೆ. ಹೊಲದ ಯಾವ ಮೂಲೇಲಿ ಸಿಕ್ತು? ಅಕ್ಕಪಕ್ಕ ಇನ್ನೇನು ಬಿದ್ದಿತ್ತು? ಇದಕ್ಕೆ ಉತ್ತರ ಬರೋದು ಅಪರೂಪ. ಅಕ್ಕಪಕ್ಕ ಯಾರೂ ನೋಡಿರೋದೇ ಇಲ್ಲ.

ಬಾಣದ ಮೊನೆಯಿಂದ ಕಾಲ ಗೊತ್ತಾಗುತ್ತೆ, ಅದನ್ನ ಒಪ್ತೀನಿ. ಬ್ರಿಟನ್ನಿನಲ್ಲಿ ಎಲೆ ಆಕಾರದ ಮೊನೆ ಸಿಕ್ಕಿದ್ರೆ ನವಶಿಲಾಯುಗದ ಮೊದಲ ಭಾಗದ್ದು ಅಂತ ಹೇಳಬಹುದು. ಆದರೆ ಒಂದು ಕ್ಷಣ ಯೋಚಿಸಿ. ಬಾಣ ಅನ್ನೋದು ಹಾರಿ ಹೋಗೋ ವಸ್ತು. ಮಾಡಿದ್ದು ಒಂದು ಕಡೆ, ಬಿದ್ದಿದ್ದು ಇನ್ನೊಂದು ಕಡೆ. ಯಾವನೋ ಗುರಿ ತಪ್ಪಿದ ಅನ್ನೋದಕ್ಕಿಂತ ಹೆಚ್ಚೇನನ್ನೂ ಅದು ಹೇಳದೇ ಇರಬಹುದು. ಕಲ್ಲು ಒಡೆಯುವಾಗ ಎಗರಿದ ಚಕ್ಕೆಗಳು ಹಾಗಲ್ಲ. ಬಡಗಿ ಕೂತಿದ್ದ ಜಾಗದಲ್ಲಿ ಮರದ ಚಕ್ಕೆ ರಾಶಿ ಬಿದ್ದಿರುತ್ತಲ್ಲ, ಹಾಗೆ ಅವು ಕೆಲಸ ನಡೆದ ಜಾಗದಲ್ಲೇ ಇರುತ್ತವೆ. ಮನುಷ್ಯರು ಇಲ್ಲಿ ಕೂತಿದ್ರು, ಕೆಲಸ ಮಾಡಿದ್ರು ಅನ್ನೋದನ್ನ ಹೇಳೋದು ಈ ಕಸ. ಅದನ್ನೇ ನಾವು ಕಾಲಲ್ಲಿ ಒದ್ದು ಮುಂದೆ ಹೋಗ್ತೀವಿ.

ಚಕ್ಕೆ ಗುರುತು ಹಿಡಿಯೋದು ಅಂಥ ಕಷ್ಟದ ವಿಷಯ ಏನಲ್ಲ. ಚಕಮಕಿ ಕಲ್ಲು ಸೀಮೆಸುಣ್ಣದ ಬಂಡೆಯೊಳಗೆ ಗಡ್ಡೆಗಳಾಗಿ ಬೆಳೆಯೋ ಸಿಲಿಕಾ. ಏಟು ಬಿದ್ದ ಜಾಗದಲ್ಲಿ ಒಂದು ಸಣ್ಣ ಚಪ್ಪಟೆ ಅಂಚು ಉಳಿಯುತ್ತೆ. ಅದರ ಕೆಳಗೆ ಹೆಬ್ಬೆರಳು ಆಡಿಸಿದ್ರೆ ಒಂದು ಉಬ್ಬು ತಾಗುತ್ತೆ. ಉಬ್ಬಿನಿಂದ ಕೆಳಕ್ಕೆ ಅಲೆಅಲೆಯಾಗಿ ಗೆರೆಗಳು ಇಳಿದಿರುತ್ತವೆ. ಹಿಮಕ್ಕೆ ಸಿಡಿದ ಕಲ್ಲಲ್ಲಿ ಆ ಉಬ್ಬು ಇರಲ್ಲ. ಸಿಡಿದ ಜಾಗ ಹೆಚ್ಚಾಗಿ ಬಟ್ಟಲಿನ ಥರ ಗುಳಿ ಬಿದ್ದಿರುತ್ತೆ. ಮೋಸ ಮಾಡೋದು ನೇಗಿಲು. ಅದರ ಏಟಿಗೂ ಉಬ್ಬು ಬರಬಹುದು. ಆದರೆ ಒಡೆದ ಮುಖ ಹೊಸದಾಗಿ, ಗಾಢ ಬಣ್ಣದಲ್ಲಿ ಹೊಳೀತಿರುತ್ತೆ, ಕೆಲವು ಸಲ ಪಕ್ಕದಲ್ಲೇ ಕಬ್ಬಿಣದ ತುಕ್ಕಿನ ಗೀರು ಇರುತ್ತೆ. ಸಾವಿರಾರು ವರ್ಷದ ಹಿಂದೆ ಒಡೆದ ಮುಖ ಎಷ್ಟೋ ಸಲ ಬಿಳಿಚಿಕೊಂಡು, ನೀಲಿ ಛಾಯೆಗೆ ತಿರುಗಿರುತ್ತೆ. ಇನ್ನು ಕೆಲವು ಉದ್ದನೆಯ ಚಕ್ಕೆಗಳ ಅಂಚಲ್ಲಿ ಮಾತ್ರ ಒಂದು ಥರದ ಮಿರುಗು ಕಾಣುತ್ತೆ. ಹುಲ್ಲು, ಪೈರು ಕೊಯ್ದು ಕೊಯ್ದು ಬಂದ ಹೊಳಪು ಅದು. ನೋಡೋಕೆ ಏನೂ ಚಂದ ಇಲ್ಲ, ಆದರೆ ನೂರು ಬಾಣದ ಮೊನೆಗೆ ಬದಲಾಗಿ ಅಂಥದ್ದೊಂದನ್ನ ನಾನು ಸಂತೋಷವಾಗಿ ತಗೋತೀನಿ.

ಜಾಗ ಬರೆದಿಟ್ಟರೆ ಏನಾಗುತ್ತೆ ಅನ್ನೋದಕ್ಕೆ ಒಂದು ಹಳೇ ಕಥೆ ಇದೆ. 1797ರಲ್ಲಿ ಇಂಗ್ಲೆಂಡಿನ ಹಾಕ್ಸ್‌ನ್ ಅನ್ನೋ ಊರಲ್ಲಿ ಇಟ್ಟಿಗೆಗೆ ಮಣ್ಣು ತೆಗೀತಿದ್ದ ಗುಂಡಿಯಲ್ಲಿ ಚಕಮಕಿ ಕಲ್ಲಿನ ಕೈಗೊಡಲಿಗಳು ಸಿಕ್ತಾ ಇದ್ವು. ಅಲ್ಲಿಯ ಕೆಲಸದವನು ಅವುಗಳ ಬೆಲೆ ಗೊತ್ತಾಗೋ ಮೊದಲು ಬುಟ್ಟಿಗಟ್ಟಲೆ ತಗೊಂಡು ಹೋಗಿ ರಸ್ತೆ ಹಳ್ಳಕ್ಕೆ ಸುರಿದಿದ್ದ! ಜಾನ್ ಫ್ರೀರ್ ಅನ್ನೋ ವ್ಯಕ್ತಿ ಮಾಡಿದ್ದು ಬಹಳ ಸರಳ ಕೆಲಸ. ಎಷ್ಟು ಅಡಿ ಆಳದಲ್ಲಿ ಸಿಕ್ತು, ಮೇಲೆ ಯಾವ ಯಾವ ಪದರ ಇತ್ತು ಅಂತ ಕಾಗದ ಬರೆದ. ಸುಮಾರು 12 ಅಡಿ ಆಳ. ಆಗ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1859ರಲ್ಲಿ ಭೂವಿಜ್ಞಾನಿ ಪ್ರೆಸ್ಟ್‌ವಿಚ್ ಮತ್ತು ಪುರಾತತ್ವ ತಜ್ಞ ಇವಾನ್ಸ್ ಫ್ರಾನ್ಸಿನ ಸೋಮ್ ಕಣಿವೆಗೆ ಹೋಗಿ ಆಳದ ಪದರದಲ್ಲೇ ಅಂಥದೇ ಕೊಡಲಿಗಳನ್ನ ನೋಡಿಕೊಂಡು ಬಂದ ಮೇಲೆ ಫ್ರೀರನ ಕಾಗದಕ್ಕೆ ಬೆಲೆ ಬಂತು. ಪದರದ ಲೆಕ್ಕ ಬರೆದಿರದಿದ್ರೆ ಅವನ ಕೊಡಲಿಗಳು ಅಲಂಕಾರದ ಕಲ್ಲಾಗಿ ಉಳೀತಿದ್ವು.

ಜಾಗ ಗೊತ್ತಿಲ್ಲದ ಕಲ್ಲಿಗೆ ಇನ್ನೊಂದು ಅಪಾಯ ಇದೆ. 19ನೇ ಶತಮಾನದಲ್ಲಿ ಎಡ್ವರ್ಡ್ ಸಿಂಪ್ಸನ್ ಅಂತ ಒಬ್ಬ ಇದ್ದ, ಜನ ಕರೀತಿದ್ದದ್ದು ಫ್ಲಿಂಟ್ ಜ್ಯಾಕ್ ಅಂತ. ತಾನೇ ಕಲ್ಲು ಒಡೆದು ಬಾಣದ ಮೊನೆ ಮಾಡಿ, ಸಂಗ್ರಹಕಾರರಿಗೂ ಮ್ಯೂಸಿಯಮ್ಮುಗಳಿಗೂ ಪುರಾತನ ವಸ್ತು ಅಂತ ಮಾರಿದ. ಗಮನಿಸಿ, ಅವನು ಮಾರಿದ್ದು ಚಂದದ್ದನ್ನೇ. ಕಸವನ್ನ ಯಾರು ಕೊಂಡುಕೊಳ್ತಾರೆ?

ಹಾಗಂತ ಕಲ್ಲು ಮುಟ್ಟಲೇಬೇಡಿ ಅಂತ ಗದರೋ ಪಂಡಿತರ ಜೊತೆಗೂ ನಾನಿಲ್ಲ. ಪ್ರತಿ ಸಲ ಉಳುವಾಗಲೂ ನೇಗಿಲು ಮಣ್ಣು ಮಗುಚುತ್ತೆ, ಕಲ್ಲು ಒಡೆಯುತ್ತೆ, ಸ್ವಲ್ಪ ದೂರ ಎಳೆದುಕೊಂಡೂ ಹೋಗುತ್ತೆ. ಅಲ್ಲೇ ಬಿಟ್ಟರೆ ಉಳಿಯುತ್ತೆ ಅನ್ನೋದು ಉತ್ತ ಹೊಲಕ್ಕೆ ಹೊಂದೋ ಮಾತಲ್ಲ. ಅಷ್ಟಾದ್ರೂ ಚಕ್ಕೆಗಳ ಗುಂಪು ಪೂರ್ತಿ ಚದುರಿ ಹೋಗಲ್ಲ, ಎಲ್ಲಿ ಜಾಸ್ತಿ ಎಲ್ಲಿ ಕಮ್ಮಿ ಅನ್ನೋದು ಕಾಣುತ್ತೆ. ಹಾಗಾಗಿ ಆರಿಸಿ. ಹೊಲದವರ ಒಪ್ಪಿಗೆ ತಗೊಂಡು, ಉತ್ತ ಮೇಲೆ ಒಂದು ಮಳೆ ಬಿದ್ದು ಕಲ್ಲು ತೊಳೆದ ದಿನ ಹೋಗಿ. ಸಾಲು ಹಿಡಿದು ನಡೀರಿ, ಕಂಡ ಚಕ್ಕೆನೆಲ್ಲ ಎತ್ಕೊಳ್ಳಿ, ಫೋನಿನ ಜಿಪಿಎಸ್ ಅಂಕೆಯನ್ನ ಚೀಲದ ಮೇಲೆ ಬರೀರಿ. ಚೀಲದ ಮೇಲೆ, ಕಲ್ಲಿನ ಮೇಲಲ್ಲ. ಮತ್ತೆ ದಯವಿಟ್ಟು ಅಗೆಯೋಕೆ ಹೋಗಬೇಡಿ. ನೇಗಿಲು ಮುಟ್ಟದ ಪದರ ಬೇರೆಯೇ ಲೋಕ.

ಇಂಗ್ಲೆಂಡಿನ 1996ರ ಟ್ರೆಷರ್ ಕಾಯ್ದೆ ಪ್ರಕಾರ ಹೊಲದಲ್ಲಿ ಸಿಕ್ಕ ಒಂಟಿ ಕಲ್ಲಿನ ಉಪಕರಣ ನಿಧಿ ಅನಿಸಿಕೊಳ್ಳಲ್ಲ. ಜನರಿಗೆ ಸಿಕ್ಕ ಹಳೇ ವಸ್ತುಗಳನ್ನ ದಾಖಲಿಸಿಕೊಳ್ಳೋ ಪೋರ್ಟಬಲ್ ಆ್ಯಂಟಿಕ್ವಿಟೀಸ್ ಸ್ಕೀಮ್‌ಗೆ ತೋರಿಸೋದು ಸಿಕ್ಕಿದವರ ಇಷ್ಟ. ಇದನ್ನ ಕಡ್ಡಾಯ ಮಾಡಿ ಅನ್ನೋ ಮಾತು ಬಂದ್ರೆ ನಾನು ಬೇಡ ಅಂತೀನಿ. ಅಧಿಕಾರಿಗಳು ಬಂದು ಉಳುಮೆ ನಿಲ್ಲಿಸ್ತಾರೆ ಅನ್ನೋ ಹೆದರಿಕೆ ರೈತನಿಗೆ ಹುಟ್ಟಿದ್ರೆ ಕಲ್ಲು ಸೀದಾ ಬೇಲಿ ಆಚೆ ಬೀಳುತ್ತೆ. ಈಗ ಅಲ್ಲಿಯ ಸಿಬ್ಬಂದಿ ನೋಡಿ, ಅಳೆದು, ಫೋಟೋ ತೆಗೆದು, ಜಾಗ ಬರೆದುಕೊಂಡು, ಸಾಮಾನ್ಯವಾಗಿ ಕಲ್ಲನ್ನ ತಂದವರಿಗೇ ವಾಪಸ್ ಕೊಡ್ತಾರೆ. ಆ ವಾಪಸ್ ಕೊಡೋದು ಇರೋದ್ರಿಂದಲೇ ಜನ ಇನ್ನೊಂದು ಸಲ ಬರ್ತಾರೆ. ಚಕ್ಕೆಗಳನ್ನೂ ಒಂದು ಚೀಲ ತನ್ನಿ ಅಂತ ಅವರಿಗೆ ಆಗಲೇ ಹೇಳಿ ಕಳಿಸಿದ್ರೆ ಸಾಕು.