ಎಳೆದು ನೋಡೋಣ

ಕೇಳುಗರೇ, ನಮಸ್ಕಾರ. ಹಳೆಯ ಪಾಲಿಥೀನ್ ಚೀಲವೊಂದು ಸಿಕ್ಕರೆ ಅದರಿಂದ ಎರಡು ಬೆರಳಗಲದ ಪಟ್ಟಿ ಕತ್ತರಿಸಿಕೊಳ್ಳಿ. ಎರಡೂ ತುದಿ ಹಿಡಿದು ನಿಧಾನಕ್ಕೆ ಎಳೆಯಿರಿ. ಮೊದಲು ಬಿಗಿಯಾಗುತ್ತದೆ. ಆಮೇಲೆ ನಡುವೆ ಎಲ್ಲೋ ಒಂದು ಕಡೆ ಪಟ್ಟಿಯ ಸೊಂಟ ಸಣ್ಣಗಾಗುತ್ತದೆ. ಇನ್ನೇನು ಅಲ್ಲೇ ಹರಿಯಿತು ಅನ್ನಿಸುತ್ತೆ, ಅಲ್ವಾ? ಹರಿಯುವುದಿಲ್ಲ. ಆ ಸೊಂಟ ಎರಡೂ ಕಡೆಗೆ ಹಬ್ಬುತ್ತಾ ಹೋಗುತ್ತದೆ, ಪಟ್ಟಿ ಉದ್ದವಾಗುತ್ತಲೇ ಇರುತ್ತದೆ. ಕೈಬಿಟ್ಟರೂ ಹಳೆಯ ಅಳತೆಗೆ ವಾಪಸ್ ಬರುವುದಿಲ್ಲ. ಅದೇ ಚೀಲದ ಇನ್ನೊಂದು ಪಟ್ಟಿಯನ್ನು ಸರಕ್ಕನೆ ಜಗ್ಗಿ ನೋಡಿ. ಅಷ್ಟುದ್ದ ಬರುವ ಮೊದಲೇ ಪಟ್ ಅಂತ ಹರಿದುಬಿಡಬಹುದು.

ಪಾಲಿಥೀನ್ ಒಂದು ಪಾಲಿಮರ್. ಪಾಲಿಮರ್ ಅಂದರೆ ಉದ್ದುದ್ದ ಸರಪಳಿಯಂಥ ಅಣುಗಳು. ಸಿಕ್ಕುಬಿದ್ದ ನೂಲಿನ ಉಂಡೆ ನೆನಪಿಸಿಕೊಳ್ಳಿ. ನಿಧಾನಕ್ಕೆ ಎಳೆದರೆ ಎಳೆಗಳಿಗೆ ಜಾರಿಕೊಂಡು ಸಾಲಾಗಿ ನಿಲ್ಲಲು ಪುರುಸೊತ್ತು ಸಿಗುತ್ತದೆ. ಸಾಲಾಗಿ ನಿಂತ ಜಾಗ ಮೊದಲಿಗಿಂತ ಗಟ್ಟಿ. ಅದಕ್ಕೇ ಸೊಂಟ ಅಲ್ಲೇ ತುಂಡಾಗದೆ ಪಕ್ಕಕ್ಕೆ ಹಬ್ಬುವುದು. ಜಗ್ಗಿದರೆ ಆ ಪುರುಸೊತ್ತೇ ಇಲ್ಲ.

ಪ್ರಯೋಗಾಲಯದಲ್ಲಿ ಮಾಡುವುದೂ ಇದನ್ನೇ, ಶಿಸ್ತಿನಿಂದ. ತುದಿ ಅಗಲ, ನಡು ಕಿರಿದಾದ ಡಂಬೆಲ್ ಆಕಾರದ ತುಂಡನ್ನು ಯಂತ್ರ ಕಚ್ಚಿ ಹಿಡಿದು, ನಿಮಿಷಕ್ಕೆ 1 ಮಿಲಿಮೀಟರ್, 50 ಮಿಲಿಮೀಟರ್ ಹೀಗೆ ಗೊತ್ತುಮಾಡಿದ ವೇಗದಲ್ಲಿ ಎಳೆಯುತ್ತದೆ. ವೇಗ ಹೇಳದೆ ಸುಮ್ನೆ 'ಇದರ ಬಲ ಇಷ್ಟು' ಅಂದರೆ ನಾನಂತೂ ನಂಬುವುದಿಲ್ಲ. ಭಾರ ತೂಗುಹಾಕಿ ದಿನಗಟ್ಟಲೆ ಬಿಟ್ಟು, ತುಂಡು ಎಷ್ಟು ಜೋಲುತ್ತದೆ ಎಂದು ಅಳೆಯುವುದೂ ಉಂಟು. ಅದಕ್ಕೆ ಕ್ರೀಪ್ ಪರೀಕ್ಷೆ ಅನ್ನುತ್ತಾರೆ.

ವೇಗದ ಹಾಗೆಯೇ ಬಿಸಿಯ ಮಾತು. ತಣ್ಣಗಾದಷ್ಟೂ ಸರಪಳಿಗಳು ಮಂದವಾಗುತ್ತವೆ. 1986ರ ಜನವರಿ 28ರ ಬೆಳಿಗ್ಗೆ ವಿಪರೀತ ಚಳಿ. ಹಾರಿದ 73 ಸೆಕೆಂಡಿಗೆ ಅಮೆರಿಕದ ಬಾಹ್ಯಾಕಾಶ ನೌಕೆ ಚಾಲೆಂಜರ್ ಚೂರಾಯಿತು, ಅದರಲ್ಲಿದ್ದ ಏಳೂ ಜನ ಸತ್ತರು. ಮುಂದೆ ವಿಚಾರಣೆಯಲ್ಲಿ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಮಾಡಿದ ಪರೀಕ್ಷೆಗೆ ದೊಡ್ಡ ಯಂತ್ರವೇನೂ ಬೇಕಾಗಲಿಲ್ಲ. ರಬ್ಬರ್ ಕೂಡ ಪಾಲಿಮರ್ರೇ. ರಾಕೆಟ್ಟಿನ ಕೀಲುಗಳಲ್ಲಿ ಬಿಸಿ ಅನಿಲ ಸೋರದಂತೆ ಬಳಸಿದ್ದ ರಬ್ಬರ್ ಉಂಗುರದ ಚೂರನ್ನು ಪುಟ್ಟ ಹಿಡಿಕೆಯಲ್ಲಿ ಅದುಮಿ, ಐಸ್ ನೀರಿನ ಲೋಟದಲ್ಲಿ ಅದ್ದಿದರು. ತೆಗೆದು ಹಿಡಿಕೆ ಬಿಚ್ಚಿದರು. ರಬ್ಬರ್ ತಕ್ಷಣ ಹಿಗ್ಗಬೇಕಿತ್ತು. ಕೆಲವು ಸೆಕೆಂಡು ಹಾಗೇ ಅಮುಕಿಕೊಂಡೇ ಇತ್ತು. ಕೀಲು ಬಾಯಿಬಿಟ್ಟಾಗ ಬಿಸಿ ಅನಿಲ ಅಷ್ಟು ಹೊತ್ತು ಕಾಯುವುದಿಲ್ಲ.