ಚಾಕು ಹಿಡಿಯುವವರು ಯಾರು?

ಕೇಳುಗರಿಗೆ ನಮಸ್ಕಾರ. ಮದುವೆ ಗೊತ್ತಾಗಿರುವ ಮಗನಿಗೆ ಕೂದಲು ಕಸಿ ಮಾಡಿಸಬೇಕೆಂದು ಓಡಾಡುತ್ತಿರುವ ಅಪ್ಪ ಅಮ್ಮಂದಿರೂ ಈ ಹೊತ್ತು ರೇಡಿಯೊ ಹಾಕಿಕೊಂಡಿರಬಹುದು. ವಕೀಲಳಾಗಿ ನಿಮಗೆ ನನ್ನದು ಒಂದೇ ಮಾತು: ಚಾಕು ಹಿಡಿಯುವವರು ಯಾರು ಅಂತ ಕೇಳಿ.

ಹೋದ ವರ್ಷ ಒಬ್ಬ ಹುಡುಗ ತಲೆಗೆ ಟವೆಲ್ ಸುತ್ತಿಕೊಂಡು ನನ್ನ ಕಚೇರಿಗೆ ಬಂದ. ಬಿಚ್ಚಿದರೆ ಹಿಂದಲೆಯೆಲ್ಲ ಕೀವು. ಲಗ್ನಕ್ಕೆ ಇಪ್ಪತ್ತೇ ದಿನ. "ಡಾಕ್ಟರ ಹೆಸರೇನಪ್ಪ?" ಅಂದೆ. ಗೊತ್ತಿರಲಿಲ್ಲ. ಬಿಳಿ ಕೋಟು ಹಾಕಿದ್ದರಂತೆ. ಜೊತೆಗಿದ್ದ ತಾಯಿ ಪರ್ಸಿನಿಂದ ಒಂದು ಚೀಟಿ ತೆಗೆದರು. ಎಷ್ಟು ಗ್ರಾಫ್ಟ್, ಅಂದರೆ ಕಿತ್ತು ನೆಡುವ ಕೂದಲಿನ ಬುಡಗಳು, ಎಷ್ಟು ಮುಂಗಡ, ಎಷ್ಟು ಬಾಕಿ, ಎಲ್ಲ ಬರೆದಿತ್ತು. ವೈದ್ಯರ ಹೆಸರಿಲ್ಲ, ನೋಂದಣಿ ಸಂಖ್ಯೆಯಿಲ್ಲ, ಸಹಿಯೂ ಇಲ್ಲ. ಸೀರೆ ಕೊಳ್ಳುವಾಗ ಸೆರಗು ತಿರುಗಿಸಿ ನೋಡುವ ತಾಯಿ, ಮಗನ ತಲೆ ಕೊಡುವಾಗ ಹೆಸರು ಕೇಳಿರಲಿಲ್ಲ. ಆ ಜಾಗದ ಮೇಲೆ ದೂರು ಹಾಕಿದೆವು, ನಿಜ. ಆದರೆ ಚಾಕು ಹಿಡಿದವರು ಯಾರೆಂದು ಇವತ್ತಿಗೂ ಗೊತ್ತಾಗಿಲ್ಲ.

ನಿಯಮ ಇಲ್ಲವೇ? ಇದೆ. ಕಸಿಯ ನಂತರ ಒಬ್ಬರು ತೀರಿಕೊಂಡ ಪ್ರಕರಣ 2022ರಲ್ಲಿ ದೆಹಲಿ ಹೈಕೋರ್ಟಿನ ಮುಂದೆ ಬಂತು. ಅದೇ ವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗ, ಕೂದಲು ಕಸಿ ಯಾರು ಮಾಡಬಹುದೆಂದು ಮಾರ್ಗಸೂಚಿ ಹೊರಡಿಸಿತು. ಕಾರ್ಯಾಗಾರದಲ್ಲೋ ಯೂಟ್ಯೂಬಿನಲ್ಲೋ ನೋಡಿ ಕಲಿತದ್ದು ತರಬೇತಿಯಲ್ಲ ಎಂದು ಅದರಲ್ಲೇ ಬರೆದಿದೆ. ಡಿಸೆಂಬರಿನಲ್ಲಿ ದಂತ ವೈದ್ಯಕೀಯ ಪರಿಷತ್ತು, ದವಡೆ ಮತ್ತು ಮುಖದ ಶಸ್ತ್ರಚಿಕಿತ್ಸೆ ಓದಿದವರೂ ಮಾಡಬಹುದು ಅಂದಿತು. ಚರ್ಮವೈದ್ಯರು ಒಪ್ಪಲಿಲ್ಲ. ಆ ಜಗಳ ಹೈಕೋರ್ಟುಗಳ ಮೆಟ್ಟಿಲೇರಿದೆ.

ಇಂಥ ನಿಯಮ ಬಂದಾಗೆಲ್ಲ ಕೋರ್ಟಿನಲ್ಲಿ ಕೇಳುವುದು ಒಂದೇ ವಾದ: ಸಂವಿಧಾನದ 19(1)(ಜಿ) ನಮಗೆ ವೃತ್ತಿಯ ಹಕ್ಕು ಕೊಟ್ಟಿದೆ, ನೀವು ತಡೆಯುವಂತಿಲ್ಲ. ಇದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಅದೇ ವಿಧಿಯ ಆರನೇ ಉಪವಿಧಿಯನ್ನೂ ಓದಬೇಕಲ್ಲ! ಜನರ ಹಿತಕ್ಕಾಗಿ ಸಮಂಜಸವಾದ ನಿರ್ಬಂಧ ಹಾಕಬಹುದು, ವೃತ್ತಿಗೆ ಇಂಥ ಅರ್ಹತೆ ಬೇಕೆಂದು ಹೇಳಬಹುದು ಎಂದು ಅಲ್ಲಿ ಸ್ಪಷ್ಟವಾಗಿದೆ. ಹೋಮಿಯೋಪತಿ ಓದಿದವರು ಅಲೋಪತಿ ಔಷಧ ಕೊಟ್ಟ ಪ್ರಕರಣದಲ್ಲಿ, ಹಾಗೆ ಕೊಟ್ಟದ್ದೇ ನಿರ್ಲಕ್ಷ್ಯ ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ತೀರ್ಪಿತ್ತಿದೆ.

ಹೊತ್ತಾಯಿತು ಎಂದು ಸನ್ನೆ ಮಾಡುತ್ತಿದ್ದಾರೆ. ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್ಕಿಗೆ ಕೆಪಿಎಂಇ, ಅಂದರೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಕಡ್ಡಾಯ, ಆ ಸಂಖ್ಯೆಯ ಫಲಕ ಬಾಗಿಲಲ್ಲೇ ಕಾಣಬೇಕು. ಒಪ್ಪಿಗೆ ಪತ್ರ ಓದದೆ ಸಹಿ ಹಾಕಬೇಡಿ. ನಾಳೆ ಮುಂಗಡ ಕಟ್ಟಲು ಹೊರಟವರು, ಚಾಕು ಹಿಡಿಯುವವರ ಹೆಸರು, ನೋಂದಣಿ ಸಂಖ್ಯೆ ರಸೀದಿಯ ಮೇಲೆ ಬರೆಸಿಕೊಂಡೇ ದುಡ್ಡು ಕೊಡಿ. ನಮಸ್ಕಾರ.